ಸಂಬಂಧ

ನಮ್ಮ ಕಡೆ ‘ಸಂಬಂಧ’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಅಡುಗೆಮನೆಯಲ್ಲಿದ್ದವರೂ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಪಡಸಾಲೆಗೆ ಬರುತ್ತಾರೆ. ‘ಒಂದು ಸಂಬಂಧ ಬಂದದ’ ಎಂದರೆ ಹುಡುಗಿಗೆ ವರ ಗೊತ್ತಾಗುವ ಲಕ್ಷಣವಿದೆ ಎಂದೇ ಅರ್ಥ. ಇತಿಹಾಸದ ಪುಸ್ತಕದಲ್ಲಿ ಇದೇ ಮಾತಿಗೆ ಬೇರೆಯೇ ಗಾಂಭೀರ್ಯ. ‘ಎರಡು ರಾಜ್ಯಗಳ ರಾಜಕೀಯ ಹಾಗೂ ಸಾಂಸ್ಕೃತಿಕ ಸಂಬಂಧಗಳನ್ನು ವಿವರಿಸಿರಿ’ ಎಂದು ಕೇಳುತ್ತಾರೆ, ಐದು ಅಂಕ ಕೊಡುತ್ತಾರೆ. ಇಂಥ ಪ್ರಶ್ನೆಗಳಿಗೆ ಸುಮಾರು ಮೂವತ್ತು ವರ್ಷ ಉತ್ತರ ಬರೆಸುತ್ತ ಬಂದ ನನಗೆ, ಈ ಎರಡು ಅರ್ಥಗಳ ನಡುವೆ ಅಂಥ ದೂರವೇನೂ ಇಲ್ಲ ಎಂದು ತಿಳಿದದ್ದು ತೀರಾ ತಡವಾಗಿ. ಅದಕ್ಕೆ ಕಾರಣಳಾದವಳು ಒಬ್ಬ ಹುಡುಗಿ.

1998ನೆಯ ಇಸವಿ. ನಾನು ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಯುರೋಪಿಯನ್ನರು ಭಾರತಕ್ಕೆ ಬಂದ ಪಾಠ ನಡೆದಿತ್ತು. ಆ ಪಾಠದ ಆರಂಭ ನಿಮಗೂ ನೆನಪಿರಬಹುದು. 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ನಗರವನ್ನು ಗೆದ್ದರು, ಹಳೆಯ ವ್ಯಾಪಾರದ ದಾರಿಗೆ ಅಡ್ಡಿಯಾಯಿತು, ಹೀಗಾಗಿ ಯುರೋಪಿನವರು ಮೆಣಸು ಏಲಕ್ಕಿಗಾಗಿ ಸಮುದ್ರದ ದಾರಿ ಹುಡುಕಿದರು. ನಾನು ಬೋರ್ಡಿನ ಮೇಲೆ 1453 ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದೆ. ಎರಡನೆಯ ಬೆಂಚಿನ ಹುಡುಗಿ ಎದ್ದು ನಿಂತಳು.

“ಅಕ್ಕೋರೆ, ಆ ಊರು ಬಿತ್ತು ಅಂತ ಗೊತ್ತಾತ್ರಿ. ಬೀಳೂದಕ್ಕಿಂತ ಮೊದಲ ಅಲ್ಲಿ ಏನಿತ್ರಿ?”

ನನಗೆ ಗೊತ್ತಿರಲಿಲ್ಲ. ಬಿ.ಎ.ಯಲ್ಲಿ ಇತಿಹಾಸವನ್ನೇ ಓದಿದ್ದರೂ ಆ ಊರಿನ ಬಗ್ಗೆ ನಾನು ಕಲಿತದ್ದು ಅದು ಬಿದ್ದ ದಿನವೊಂದೇ. ಗೊತ್ತಿಲ್ಲ ಎನ್ನಲು ಹೊಸ ಶಿಕ್ಷಕಿಗೆ ನಾಚಿಕೆ. “ಅದು ಪರೀಕ್ಷಾಕ್ಕ ಬರೂದಿಲ್ಲ, ಕೂಡು” ಎಂದೆ. ಅವಳು ಕೂತಳು. ದೀಪಾವಳಿ ಸೂಟಿ ಮುಗಿದು ಶಾಲೆ ತೆರೆದಾಗ ಅವಳ ಜಾಗ ಖಾಲಿಯಿತ್ತು. ಆ ಸಂಗತಿ ಆಮೇಲೆ ಹೇಳುತ್ತೇನೆ. ಮೊದಲು ಅವಳ ಪ್ರಶ್ನೆಗೆ ಉತ್ತರ ಹೇಳಬೇಕು.

ಅಲ್ಲಿ ಇದ್ದದ್ದು ಸಾವಿರದ ನೂರು ವರ್ಷ ಬಾಳಿದ ಒಂದು ರಾಜಧಾನಿ. ಬೈಜಾಂಟಿಯಮ್ ಎಂಬ ಹಳೆಯ ಗ್ರೀಕ್ ಊರಿನ ಜಾಗದಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಾಂಟೈನ್ ಹೊಸ ನಗರ ಕಟ್ಟಿಸಿ 330ರಲ್ಲಿ ಅದರ ಪ್ರತಿಷ್ಠಾಪನೆ ಮಾಡಿದ. ಇಂದಿನ ಇಸ್ತಾಂಬುಲ್ ಅದೇ. ಪಶ್ಚಿಮದ ರೋಮ್ ಬಿದ್ದುಹೋದ ಮೇಲೂ ಇದು ಉಳಿಯಿತು. ಇಲ್ಲಿಯ ಜನ ಆಡುತ್ತಿದ್ದದ್ದು ಗ್ರೀಕ್, ತಮ್ಮನ್ನು ಕರೆದುಕೊಳ್ಳುತ್ತಿದ್ದದ್ದು ಮಾತ್ರ ರೋಮನ್ನರೆಂದು. ‘ಬೈಜಾಂಟೈನರು’ ಎಂಬುದು ಅವರೆಲ್ಲ ಹೋದ ಮೇಲೆ ಪಂಡಿತರು ಇಟ್ಟ ಹೆಸರು.

ಈ ನಗರದ ಉತ್ತರಕ್ಕೆ, ಡ್ಯಾನ್ಯೂಬ್ ನದಿಯ ಆಚೆಯಿಂದ ಆರನೆಯ ಶತಮಾನದಲ್ಲಿ ಸ್ಲಾವ್ ಜನ ಇಳಿದು ಬರತೊಡಗಿದರು. ಇಂದಿನ ಬಲ್ಗೇರಿಯದವರು, ಸರ್ಬಿಯದವರು, ರಷ್ಯದವರು, ಉಕ್ರೇನಿನವರು ಎಲ್ಲರೂ ಸ್ಲಾವ್ ನುಡಿಗಳನ್ನಾಡುವವರೇ. ಮೊದಲ ಭೇಟಿಗಳು ಕತ್ತಿಯ ಮೂಲಕವೇ ಆದವು. 626ರಲ್ಲಿ ಅವಾರರೆಂಬ ಕುದುರೆ ಸವಾರರ ಜೊತೆ ಸೇರಿ ಸ್ಲಾವರು ಮರದ ದೋಣಿಗಳಲ್ಲಿ ಬಂದು ಈ ನಗರಕ್ಕೆ ಮುತ್ತಿಗೆ ಹಾಕಿ ಸೋತರು. 811ರಲ್ಲಿ ಬಲ್ಗೇರಿಯದ ಅರಸು ಕ್ರುಮ್ ಚಕ್ರವರ್ತಿ ನಿಕೆಫೊರಸನನ್ನು ಕೊಂದು, ಅವನ ತಲೆಬುರುಡೆಗೆ ಬೆಳ್ಳಿ ಕಟ್ಟಿಸಿ, ತನ್ನ ಸ್ಲಾವ್ ನಾಯಕರಿಗೆ ಅದರಲ್ಲಿ ಕುಡಿಯಲು ಕೊಟ್ಟನೆಂದು ಆ ಕಾಲದ ಬಖೈರು ಹೇಳುತ್ತದೆ. ಇಂಥ ಎರಡು ಮನೆತನಗಳ ನಡುವೆ ಬೀಗತನ ಹೇಗೆ ಬೆಳೆಯಿತು ಎಂಬುದೇ ನನಗೆ ಅಚ್ಚರಿ.

ಮೊದಲು ಬೆಳೆದದ್ದು ಅಕ್ಷರದಿಂದ. ಮೊರಾವಿಯ ಎಂಬ ಸ್ಲಾವ್ ನಾಡಿನ ಅರಸು ರಾಸ್ತಿಸ್ಲಾವ್ 862ರ ಸುಮಾರಿಗೆ ಚಕ್ರವರ್ತಿ ಮೂರನೆಯ ಮೈಕೇಲನ ಬಳಿ ದೂತರನ್ನು ಕಳಿಸಿದ. ನಮ್ಮ ಜನಕ್ಕೆ ಅವರದೇ ಮಾತಿನಲ್ಲಿ ಧರ್ಮ ಹೇಳುವ ಗುರುಗಳು ಬೇಕು ಎಂಬುದು ಅವನ ಬೇಡಿಕೆ. ಥೆಸಲೊನಿಕಿ ಊರಿನ ಇಬ್ಬರು ಅಣ್ಣತಮ್ಮಂದಿರು, ಮೆಥೋಡಿಯಸ್ ಮತ್ತು ಕಾನ್‌ಸ್ಟಾಂಟೈನ್, ಈ ಕೆಲಸಕ್ಕೆ ಆಯ್ಕೆಯಾದರು. ತಮ್ಮನಿಗೆ ಕೊನೆಗಾಲದಲ್ಲಿ ಸಿರಿಲ್ ಎಂದು ಹೆಸರಾಯಿತು. ಥೆಸಲೊನಿಕಿಯ ಸುತ್ತ ಸ್ಲಾವರು ನೆಲೆಸಿದ್ದರಿಂದ ಆ ಊರಿನವರಿಗೆ ಆ ಭಾಷೆ ಚೆನ್ನಾಗಿ ಬರುತ್ತಿತ್ತು. ಆದರೆ ಆ ಭಾಷೆಗೆ ಲಿಪಿ ಇರಲಿಲ್ಲ. ಗ್ರೀಕ್ ಅಕ್ಷರದಲ್ಲಿ ಬರೆಯೋಣವೆಂದರೆ ಗ್ರೀಕಿನಲ್ಲಿ ‘ಶ’ಕಾರವಿಲ್ಲ, ‘ಚ’ಕಾರವಿಲ್ಲ. ನಮ್ಮ ‘ಳ’ಕಾರವನ್ನು ಇಂಗ್ಲಿಷಿನಲ್ಲಿ ಬರೆಯಲು ಹೊರಟವರಿಗೆ ಈ ಕಷ್ಟ ತಿಳಿಯುತ್ತದೆ. ಸಿರಿಲ್ ಕೂತು ಹೊಸ ಲಿಪಿಯನ್ನೇ ಮಾಡಿದ. ಅದಕ್ಕೆ ಗ್ಲಾಗೊಲಿಟಿಕ್ ಎಂದು ಹೆಸರು. 863ರಲ್ಲಿ ಅಣ್ಣತಮ್ಮಂದಿರು ಪುಸ್ತಕಗಳ ಗಂಟು ಹೊತ್ತು ಮೊರಾವಿಯಕ್ಕೆ ಹೊರಟರು.

ದೇವರನ್ನು ಸ್ತುತಿಸಲು ಹೀಬ್ರೂ, ಗ್ರೀಕ್, ಲ್ಯಾಟಿನ್ ಈ ಮೂರೇ ಭಾಷೆಗಳು ಯೋಗ್ಯವೆಂದು ವಾದಿಸುವವರು ಅಂದು ಇದ್ದರು. ವೆನಿಸ್ಸಿನಲ್ಲಿ ಪಾದ್ರಿಗಳು ಸಿರಿಲನನ್ನು ಸುತ್ತುಗಟ್ಟಿ ಇದನ್ನೇ ಕೇಳಿದರಂತೆ. ಮಳೆ ಬಿಸಿಲುಗಳು ಎಲ್ಲರಿಗೂ ಸಮನಾಗಿ ಬರುವಾಗ ಉಳಿದ ಜನಾಂಗಗಳನ್ನು ಮೂಗರನ್ನಾಗಿ ಮಾಡುವುದು ಯಾವ ನ್ಯಾಯ ಎಂಬರ್ಥದ ಉತ್ತರ ಕೊಟ್ಟನೆಂದು ಅವನ ಚರಿತ್ರೆ ಹೇಳುತ್ತದೆ. ಅವನು 869ರಲ್ಲಿ ರೋಮಿನಲ್ಲಿ ತೀರಿಕೊಂಡ. ಅಣ್ಣ 885ರಲ್ಲಿ ತೀರಿಕೊಂಡ ಮೇಲೆ ಮೊರಾವಿಯದಲ್ಲಿ ಅವರ ಶಿಷ್ಯರನ್ನು ಓಡಿಸಿಬಿಟ್ಟರು. ಕೆಲವರನ್ನು ಗುಲಾಮರೆಂದು ಮಾರಿದ್ದೂ ಉಂಟು. ಓಡಿಬಂದವರನ್ನು ಕೈಚಾಚಿ ಕರೆದುಕೊಂಡವನು ಬಲ್ಗೇರಿಯದ ಅರಸು ಬೋರಿಸ್. ಕ್ಲೆಮೆಂಟ್ ಎಂಬ ಶಿಷ್ಯ ಓಹ್ರಿದ್ ಸರೋವರದ ನಾಡಿನಲ್ಲಿ ಶಾಲೆ ತೆಗೆದು ಸಾವಿರಾರು ಜನರಿಗೆ ಅಕ್ಷರ ಕಲಿಸಿದನೆಂದು ಹೆಸರಾಗಿದ್ದಾನೆ. ಬಲ್ಗೇರಿಯದಲ್ಲಿಯೇ ಗ್ರೀಕ್ ಅಕ್ಷರಗಳನ್ನು ಆಧಾರವಾಗಿಟ್ಟುಕೊಂಡು, ಕೊರತೆಯಾದ ಧ್ವನಿಗಳಿಗೆ ಬೇರೆ ಅಕ್ಷರ ಸೇರಿಸಿ ಇನ್ನೊಂದು ಲಿಪಿ ಬೆಳೆಯಿತು. ತಾನು ಮಾಡದಿದ್ದರೂ ಗುರುವಿನ ಹೆಸರೇ ಅದಕ್ಕೆ ನಿಂತಿತು: ಸಿರಿಲಿಕ್. ರಷ್ಯನ್, ಉಕ್ರೇನಿಯನ್, ಬಲ್ಗೇರಿಯನ್, ಸರ್ಬಿಯನ್ ಭಾಷೆಗಳನ್ನು ಇಂದಿಗೂ ಬರೆಯುವುದು ಅದರಲ್ಲಿಯೇ.

ಈ ಬೋರಿಸ್ ಅರಸನ ಬಗ್ಗೆ ಓದುವಾಗ ನನಗೆ ನಗು ತಡೆಯಲಾಗಲಿಲ್ಲ. 864ರ ಸುಮಾರಿಗೆ ಅವನು ಕ್ರೈಸ್ತನಾದ. ಚಕ್ರವರ್ತಿ ಮೈಕೇಲನೇ ಧರ್ಮಪಿತನಾಗಿ ನಿಂತು ತನ್ನ ಹೆಸರನ್ನೇ ಅವನಿಗೆ ಕೊಟ್ಟ. ಆದರೆ ಗ್ರೀಕ್ ಪಾದ್ರಿಗಳು ಬಂದು ಅದು ಮಾಡಬೇಡಿ, ಇದು ಮಾಡಬೇಡಿ ಎಂದು ಶುರುಮಾಡಿದರು. ಹೊಸ ಸೊಸೆಗೆ ಅತ್ತೆಮನೆಯ ಮಡಿ ಮೈಲಿಗೆ ತಿಳಿಯದೆ ದಿಕ್ಕು ತಪ್ಪಿದಂತಾಯಿತು ಅರಸನಿಗೆ. ಅವನು ಜಾಣ. ರೋಮಿನ ಪೋಪನಿಗೆ ಒಂದು ಉದ್ದನೆಯ ಪ್ರಶ್ನೆಪಟ್ಟಿ ಕಳಿಸಿದ. ಬುಧವಾರ ಶುಕ್ರವಾರ ಸ್ನಾನ ಮಾಡಬಹುದೇ? ನಮ್ಮವರು ಇಜಾರ ತೊಡುತ್ತಾರೆ, ಅದು ಪಾಪವೇ? ಪೋಪ್ ನಿಕೋಲಸ್ 866ರಲ್ಲಿ ಬರೆದ ಉತ್ತರದಲ್ಲಿ 106 ಅಧ್ಯಾಯಗಳಿವೆ. ಸ್ನಾನ ಮಾಡಬಹುದು, ಇಜಾರವನ್ನು ಗಂಡಸರಾಗಲಿ ಹೆಂಗಸರಾಗಲಿ ತೊಟ್ಟರೂ ಅಷ್ಟೇ ಬಿಟ್ಟರೂ ಅಷ್ಟೇ ಎಂಬುದು ಅದರ ಸಾರಾಂಶ. ಚೂಡಿದಾರ ತೊಟ್ಟು ಶಾಲೆಗೆ ಹೋಗಬಹುದೇ ಕೂಡದೇ ಎಂದು ನಾವು ಶಿಕ್ಷಕಿಯರು ಮಾತಾಡಿಕೊಂಡ ದಿನಗಳನ್ನು ನೆನೆದರೆ, ಆ ಪೋಪ್ ದೊಡ್ಡ ಮನಸ್ಸಿನವನೇ. ಇಷ್ಟಾಗಿಯೂ ಬೋರಿಸ್ ಕೊನೆಗೆ 870ರಲ್ಲಿ ಕಾನ್‌ಸ್ಟಾಂಟಿನೋಪಲಿನ ಕಡೆಗೇ ಸೇರಿಕೊಂಡ. ಎರಡೂ ಮನೆಯವರನ್ನು ಕಾಯಿಸಿ ತನಗೆ ಬೇಕಾದ ಸ್ವಂತ ಆರ್ಚ್‌ಬಿಷಪ್ಪನನ್ನು ಪಡೆದುಕೊಂಡ.

ಬೋರಿಸನ ಮಗ ಸಿಮೆಯಾನ್ ಕಾನ್‌ಸ್ಟಾಂಟಿನೋಪಲಿನಲ್ಲಿಯೇ ಓದಿದವನು. ಅವನನ್ನು ಅರ್ಧ ಗ್ರೀಕನೆಂದೇ ಕರೆಯುತ್ತಿದ್ದರು. ಓದಿದ ಊರಿನ ಮೇಲೆಯೇ ವರ್ಷಗಟ್ಟಲೆ ಯುದ್ಧ ಮಾಡಿ 927ರಲ್ಲಿ ತೀರಿಕೊಂಡ. ಅವನ ಮಗ ಪೀಟರನಿಗೆ ಯುದ್ಧ ಸಾಕಾಗಿತ್ತು. ಸಂಧಿಗೆ ಹೇಳಿ ಕಳಿಸಿದ, ಸಂಬಂಧವನ್ನೂ ಕೇಳಿದ. ಚಕ್ರವರ್ತಿ ರೊಮಾನಸ್ ಲೆಕಪೆನಸ್ ತನ್ನ ಮಗನ ಮಗಳು ಮರಿಯಾಳನ್ನು ಕೊಡಲು ಒಪ್ಪಿದ. ಅದೇ ವರ್ಷ ಅಕ್ಟೋಬರ್ 8ರಂದು ನಗರದ ಗೋಡೆಯ ಹೊರಗೆ, ಬುಗ್ಗೆಯ ಬಳಿಯ ಮೇರಿಮಾತೆಯ ಗುಡಿಯಲ್ಲಿ ಮದುವೆಯಾಯಿತು. ಮರಿಯಾ ಎಂಬ ಹೆಸರು ತೆಗೆದು ಅವಳಿಗೆ ಐರೀನ್ ಎಂದು ಹೆಸರಿಟ್ಟರು. ಐರೀನ್ ಎಂದರೆ ಗ್ರೀಕಿನಲ್ಲಿ ಶಾಂತಿ.

ಇದನ್ನು ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆ. ನನ್ನ ಮದುವೆಯಲ್ಲಿಯೂ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಿಂದ ಹೊಸ ಹೆಸರು ಬರೆಸಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಪದವಿ ಪತ್ರದಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು ಹೆಸರಾಗಿ, ಇವರಿಬ್ಬರೂ ಒಬ್ಬಳೇ ಎಂದು ಛಾಪಾ ಕಾಗದದ ಮೇಲೆ ಬರೆದುಕೊಡಬೇಕಾಯಿತು. ಆದರೆ ನನ್ನ ಹೆಸರು ಬದಲಾದದ್ದರಿಂದ ಯಾವ ಯುದ್ಧವೂ ನಿಂತಿರಲಿಲ್ಲ. ಈ ಹುಡುಗಿಯ ಹೆಸರೇ ಒಪ್ಪಂದದ ಒಂದು ಕಲಮು.

ಅವಳನ್ನು ಕಳಿಸಿಕೊಟ್ಟ ದಿನವನ್ನು ಗ್ರೀಕ್ ಬರಹಗಾರನೊಬ್ಬ ವರ್ಣಿಸಿದ್ದಾನೆ. ತಂದೆತಾಯಿ ಹೆಬ್ಡೊಮನ್ ಎಂಬಲ್ಲಿಯವರೆಗೆ ಬಂದು, ಅತ್ತು ಬೀಳ್ಕೊಟ್ಟರು. ಬಂಗಾರ, ಬಟ್ಟೆಬರೆ, ಸಾಮಾನು ಸರಂಜಾಮು ಹೇರಿಕೊಂಡು ಅವಳು ಹೊರಟಳು. ತವರು ಬಿಡುವ ದುಃಖ ಒಂದು ಕಡೆ, ರಾಣಿಯಾಗುವ ಸಂತೋಷ ಒಂದು ಕಡೆ ಎಂದು ಅವನು ಬರೆಯುತ್ತಾನೆ. ಗಂಡಸು ಬರೆದರೂ ಸರಿಯಾಗಿಯೇ ಬರೆದಿದ್ದಾನೆ. ಅವಳು ಆಮೇಲೆ ಹಲವು ಸಲ ತವರಿಗೆ ಬಂದುಹೋದಳು. ಕೊನೆಯ ಸಲ ಬಂದಾಗ ಜೊತೆಗೆ ಮೂರು ಮಕ್ಕಳಿದ್ದವು, ತಂದೆ ಆಗಲೇ ತೀರಿಕೊಂಡಿದ್ದ. ಶಾಂತಿ ಎಂಬ ಹೆಸರನ್ನು ಅವಳು ಉಳಿಸಿದಳು. ಎರಡು ರಾಜ್ಯಗಳ ನಡುವೆ ಸುಮಾರು ನಾಲ್ಕು ದಶಕ ದೊಡ್ಡ ಯುದ್ಧವಾಗಲಿಲ್ಲ.

ಆದರೆ ಈ ಮದುವೆ ಎಲ್ಲರಿಗೂ ಹಿಡಿಸಲಿಲ್ಲ. ರೊಮಾನಸನ ಅಳಿಯ ಏಳನೆಯ ಕಾನ್‌ಸ್ಟಾಂಟೈನ್ ಅರಮನೆಯ ಕೆನ್ನೇರಳೆ ಕಲ್ಲಿನ ಕೋಣೆಯಲ್ಲಿ ಹುಟ್ಟಿದವನು. ಆಳುವ ಚಕ್ರವರ್ತಿಯ ಮಕ್ಕಳು ಮಾತ್ರ ಹುಟ್ಟುವ ಕೋಣೆ ಅದು. ಅಲ್ಲಿ ಹುಟ್ಟಿದವರನ್ನು ಪೊರ್ಫಿರೊಜೆನಿಟಸ್ ಎನ್ನುತ್ತಿದ್ದರು. ಅವನು ತನ್ನ ಮಗನಿಗಾಗಿ ರಾಜ್ಯಭಾರದ ಬುದ್ಧಿಮಾತುಗಳ ಪುಸ್ತಕವನ್ನೇ ಬರೆದ. ಉತ್ತರದ ಜನ ನಮ್ಮ ಮನೆಯ ಹೆಣ್ಣು ಕೇಳಿದರೆ ಕೊಡಬೇಡ, ನಮ್ಮ ಮಾವ ಕೊಟ್ಟದ್ದು ಓದುಬರಹವಿಲ್ಲದ ಸಾಮಾನ್ಯ ಮನುಷ್ಯನಾದ್ದರಿಂದ ಎಂದು ಅದರಲ್ಲಿ ಎಚ್ಚರಿಸಿದ. ಆ ಮಗನ ಹೆಸರೂ ರೊಮಾನಸ್. ನೆನಪಿಟ್ಟುಕೊಳ್ಳಿ.

ಈ ಕಾನ್‌ಸ್ಟಾಂಟೈನನ ಅರಮನೆಗೆ ಕೀವ್ ನಗರದಿಂದ ಒಬ್ಬ ಹೆಂಗಸು ಬಂದಳು. ಅವಳು ಓಲ್ಗಾ. ಯಾರೂ ಕೊಟ್ಟು ಕಳಿಸಿದವಳಲ್ಲ. 945ರಲ್ಲಿ ಗಂಡನನ್ನು ಡ್ರೆವ್ಲಿಯನ್ನರು ಕೊಂದ ಮೇಲೆ ಚಿಕ್ಕ ಮಗನ ಪರವಾಗಿ ರಾಜ್ಯ ಆಳುತ್ತಿದ್ದಳು. ಅವಳು ಬಂದದ್ದು 946ರಲ್ಲೋ 957ರಲ್ಲೋ ಎಂದು ಪಂಡಿತರು ಇನ್ನೂ ಜಗಳಾಡುತ್ತಾರೆ. ಕೀವಿನ ರುಸ್ ಜನ ಪ್ರತಿವರ್ಷ ಡ್ನೀಪರ್ ನದಿಯಲ್ಲಿ ಇಳಿದು, ಅದರ ಬಂಡೆಗಳ ಹತ್ತಿರ ದೋಣಿಗಳನ್ನು ಹೆಗಲ ಮೇಲೆ ಹೊತ್ತು ದಾಟಿಸಿ, ಕಪ್ಪು ಸಮುದ್ರದ ದಾರಿಯಾಗಿ ಇಲ್ಲಿಗೆ ವ್ಯಾಪಾರಕ್ಕೆ ಬರುತ್ತಿದ್ದರು. ತುಪ್ಪಳದ ಚರ್ಮ, ಜೇನು, ಮೇಣ, ಗುಲಾಮರನ್ನು ತಂದು ರೇಷ್ಮೆ, ದ್ರಾಕ್ಷಾರಸ ಒಯ್ಯುತ್ತಿದ್ದರು. ಅವರ ಮೇಲೆ ನಂಬಿಕೆ ಅಷ್ಟಕ್ಕಷ್ಟೆ. ಒಂದು ಸಲಕ್ಕೆ ಐವತ್ತೇ ಜನ, ಆಯುಧವಿಲ್ಲದೆ, ಒಂದೇ ಬಾಗಿಲಿನಿಂದ ಒಳಗೆ ಬರಬೇಕೆಂದು ಕರಾರಾಗಿತ್ತು.

ಅಂಥ ನಾಡಿನ ರಾಣಿಗೆ ಅರಮನೆಯಲ್ಲಿ ನಡೆದ ಸತ್ಕಾರವನ್ನೆಲ್ಲ ಕಾನ್‌ಸ್ಟಾಂಟೈನನ ಕಾಲದ ವಿಧಿವಿಧಾನಗಳ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಜೊತೆಗೆ ಬಂದ ಹೆಂಗಸರು ಮಹಾರಾಣಿಯ ಮುಂದೆ ನೆಲಕ್ಕೆ ಬಾಗಿದರು. ಓಲ್ಗಾ ತಲೆಯನ್ನು ಸ್ವಲ್ಪ ಬಾಗಿಸಿ, ನಿಂತ ಜಾಗದಲ್ಲಿಯೇ ನಿಂತಳು. ಊಟವಾದ ಮೇಲೆ ರತ್ನ ಕೂಡಿಸಿದ ಬಂಗಾರದ ಬಟ್ಟಲಿನಲ್ಲಿ 500 ಬೆಳ್ಳಿ ನಾಣ್ಯ ಕೊಟ್ಟರು. ಎರಡನೆಯ ಸಲ ಕರೆದಾಗ 200. ನಮ್ಮಲ್ಲಿಯೂ ಬೀಗರಿಗೆ ಮೊದಲ ಸಲದ ಉಪಚಾರ ಎರಡನೆಯ ಸಲಕ್ಕೆ ಇರುವುದಿಲ್ಲ. ಕ್ರೈಸ್ತಳಾದ ಓಲ್ಗಾ ಹೆಲೆನಾ ಎಂಬ ಹೆಸರನ್ನು ತೆಗೆದುಕೊಂಡಳು. ಅದು ಆ ಮಹಾರಾಣಿಯ ಹೆಸರು. ರಷ್ಯದ ಹಳೆಯ ಬಖೈರಿನಲ್ಲಿ ಇದಕ್ಕೊಂದು ಕತೆ ಸೇರಿದೆ. ಚಕ್ರವರ್ತಿ ತನ್ನನ್ನು ಮದುವೆಯಾಗು ಎಂದನಂತೆ. ನೀನೇ ದೀಕ್ಷೆ ಕೊಡಿಸು ಎಂದಳಂತೆ. ದೀಕ್ಷೆಯಾದ ಮೇಲೆ, ಈಗ ನಾನು ನಿನಗೆ ಧರ್ಮದ ಮಗಳು, ಮಗಳನ್ನು ಹೇಗೆ ಮದುವೆಯಾಗುತ್ತೀ ಎಂದು ಹೊರಟುಬಂದಳಂತೆ. ಹೆಲೆನಾ ಬದುಕಿ ಪಕ್ಕದಲ್ಲಿಯೇ ಕೂತಿದ್ದಳಾದ್ದರಿಂದ ಇದು ಕತೆಯೇ. ಆದರೆ ಕೀವಿನ ಜನ ತಮ್ಮ ಅಜ್ಜಿಯನ್ನು ಹೇಗೆ ನೆನೆಯಲು ಬಯಸಿದರು ಎಂಬುದು ಅದರಿಂದ ತಿಳಿಯುತ್ತದೆ.

ಇನ್ನು ಕಾನ್‌ಸ್ಟಾಂಟೈನನ ಬುದ್ಧಿಮಾತಿಗೆ ಏನಾಯಿತು? ಅವನ ಮಗ ರೊಮಾನಸ್ 963ರ ಮಾರ್ಚ್ 15ರಂದು ಸತ್ತ. ಅದಕ್ಕೆ ಎರಡೇ ದಿನ ಮೊದಲು ಅವನಿಗೊಂದು ಹೆಣ್ಣು ಮಗು ಹುಟ್ಟಿತ್ತು, ಅದೇ ಕೆನ್ನೇರಳೆ ಕೋಣೆಯಲ್ಲಿ. ಹೆಸರು ಅನ್ನಾ. ಪೊರ್ಫಿರೊಜೆನಿಟಾ ಒಬ್ಬಳನ್ನು ಜರ್ಮನಿಯ ಚಕ್ರವರ್ತಿ ಒಟ್ಟೊ ತನ್ನ ಮಗನಿಗೆ ಕೇಳಿದಾಗ ಕೊಡಲಿಲ್ಲ. ಬೇರೊಬ್ಬ ಹುಡುಗಿಯನ್ನು ಕಳಿಸಿದರು. ಅಷ್ಟು ದುಬಾರಿಯ ಹೆಣ್ಣು. 987ರಲ್ಲಿ ಬಾರ್ಡಸ್ ಫೊಕಾಸ್ ಎಂಬ ಸೇನಾಪತಿ ದಂಗೆಯೆದ್ದಾಗ ಅನ್ನಾಳ ಅಣ್ಣ, ಚಕ್ರವರ್ತಿ ಎರಡನೆಯ ಬೇಸಿಲ್, ಸಿಂಹಾಸನ ಕಳೆದುಕೊಳ್ಳುವ ಸ್ಥಿತಿಗೆ ಬಂದ. ಓಲ್ಗಾಳ ಮೊಮ್ಮಗ, ಕೀವಿನ ವ್ಲಾದಿಮಿರನ ಬಳಿ ಸೈನ್ಯ ಬೇಡಿದ. ವ್ಲಾದಿಮಿರ್ 6,000 ಯೋಧರನ್ನು ಕೊಡಲು ಒಪ್ಪಿ, ನಿನ್ನ ತಂಗಿಯನ್ನು ಕೊಡು ಎಂದ. ಹಾಗಾದರೆ ನೀನು ಕ್ರೈಸ್ತನಾಗು ಎಂದು ಬೇಸಿಲ್. ಸೈನ್ಯ ಬಂತು, 989ರ ಏಪ್ರಿಲಿನಲ್ಲಿ ಫೊಕಾಸ್ ಸತ್ತ. ವ್ಲಾದಿಮಿರ್ ಕ್ರಿಮಿಯದಲ್ಲಿದ್ದ ಗ್ರೀಕರ ಖೆರ್ಸಾನ್ ಪಟ್ಟಣವನ್ನು ಹಿಡಿದು ಕೂತ. ಅನ್ನಾಳನ್ನು ಹಡಗು ಹತ್ತಿಸಿದರು.

ಅವಳಿಗೆ ಆಗ ಇಪ್ಪತ್ತೈದರ ಮೇಲೆ. ವ್ಲಾದಿಮಿರನಿಗೆ ಆಗಲೇ ಹಲವು ಹೆಂಡಿರು, ನೂರಾರು ಉಪಪತ್ನಿಯರಿದ್ದರೆಂದು ರಷ್ಯದ ಬಖೈರೇ ಹೇಳುತ್ತದೆ. ಸೆರೆಗೆ ಹೋದಂತೆ ಹೋಗುತ್ತಿದ್ದೇನೆ, ಇದಕ್ಕಿಂತ ಇಲ್ಲಿಯೇ ಸತ್ತರೆ ಮೇಲು ಎಂದು ಅವಳು ಅತ್ತಳಂತೆ. ನಿನ್ನಿಂದ ಒಂದು ನಾಡು ಉದ್ಧಾರವಾಗುತ್ತದೆ, ನಮ್ಮ ನಾಡು ಯುದ್ಧದಿಂದ ಉಳಿಯುತ್ತದೆ ಎಂದು ಅಣ್ಣಂದಿರು ಸಮಾಧಾನ ಹೇಳಿದರಂತೆ. ಈ ಸಮಾಧಾನದ ಮಾತು ನಾನು ಬೇರೆ ಕಡೆಯೂ ಕೇಳಿದ್ದೇನೆ.

ಅಣ್ಣಂದಿರು ಹೇಳಿದ್ದು ಸುಳ್ಳೂ ಆಗಲಿಲ್ಲ ಎಂಬುದೇ ಇದರ ತೊಡಕು. ವ್ಲಾದಿಮಿರ್ ಬೇಸಿಲ್ ಎಂದು ಹೆಸರಿಟ್ಟುಕೊಂಡು ಕ್ರೈಸ್ತನಾದ. ಅನ್ನಾಳ ಜೊತೆ ಪಾದ್ರಿಗಳು ಬಂದರು, ಗ್ರೀಕ್ ಕುಶಲಕರ್ಮಿಗಳು ಬಂದು ಕೀವಿನಲ್ಲಿ ಕಲ್ಲಿನ ಗುಡಿ ಕಟ್ಟಿದರು. ಬಲ್ಗೇರಿಯದಲ್ಲಿ ಬೆಳೆದ ಆ ಅಕ್ಷರಗಳು, ಆ ಪುಸ್ತಕಗಳು ಸ್ಲಾವ್ ಮಾತಿನಲ್ಲಿಯೇ ಇದ್ದದ್ದರಿಂದ ಕೀವಿನವರಿಗೆ ತಿಳಿಯುವಂತಿದ್ದವು. ವ್ಲಾದಿಮಿರ್ ದೊಡ್ಡ ಮನೆತನಗಳ ಮಕ್ಕಳನ್ನು ಓದುಬರಹಕ್ಕೆ ಹಚ್ಚಿದ. ಅವರ ತಾಯಂದಿರು ಮಕ್ಕಳು ಸತ್ತೇಹೋದರೆಂಬಂತೆ ಅತ್ತರೆಂದು ಬಖೈರು ಬರೆಯುತ್ತದೆ. ಜೂನ್ ತಿಂಗಳಲ್ಲಿ ಒಂದನೆಯ ತರಗತಿಯ ಬಾಗಿಲಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅನ್ನಾ ಮಾತ್ರ 1011ರಲ್ಲಿ ಕೀವಿನಲ್ಲಿಯೇ ತೀರಿಕೊಂಡಳು. ತಂಗಿಯನ್ನು ಕೊಟ್ಟು ಉತ್ತರದಲ್ಲಿ ನಂಟಸ್ತನ ಬೆಳೆಸಿದ ಬೇಸಿಲ್, ಅವಳು ಸತ್ತ ಮೂರೇ ವರ್ಷಕ್ಕೆ, 1014ರಲ್ಲಿ, ಬಲ್ಗೇರಿಯದ ಸಾವಿರಾರು ಸೆರೆಯಾಳುಗಳ ಕಣ್ಣು ಕೀಳಿಸಿದ. ನೂರು ಜನಕ್ಕೆ ಒಬ್ಬನಿಗೆ ಒಂದು ಕಣ್ಣು ಉಳಿಸಿ, ಉಳಿದವರನ್ನು ಊರಿಗೆ ನಡೆಸಿಕೊಂಡು ಹೋಗಲು ಬಿಟ್ಟನಂತೆ. ಒಂದೇ ಕೈಯ ಎರಡು ಕೆಲಸ ಇವು.

ಈ ಹೆಣ್ಣುಮಕ್ಕಳಲ್ಲಿ ನನ್ನ ನಿದ್ದೆ ಕೆಡಿಸಿದವಳು ಸಿಮೊನಿಸ್. ಸರ್ಬಿಯದವರು ಸಿಮೊನಿದಾ ಎನ್ನುತ್ತಾರೆ. ಚಕ್ರವರ್ತಿ ಎರಡನೆಯ ಆಂಡ್ರೊನಿಕಸನಿಗೆ ಹುಟ್ಟಿದ ಹೆಣ್ಣು ಕೂಸುಗಳು ಉಳಿಯುತ್ತಿರಲಿಲ್ಲ. ಇವಳು ಹುಟ್ಟಿದಾಗ ಯೇಸುವಿನ ಹನ್ನೆರಡು ಶಿಷ್ಯರ ಚಿತ್ರಗಳ ಮುಂದೆ ಹನ್ನೆರಡು ಬತ್ತಿ ಹಚ್ಚಿ, ಕೊನೆಯತನಕ ಉರಿದ ಬತ್ತಿಯ ಶಿಷ್ಯನ ಹೆಸರಿಡಬೇಕೆಂದು ಹರಕೆ ಹೊತ್ತರು. ಸೈಮನ್ನನ ಬತ್ತಿ ಉಳಿಯಿತು, ಕೂಸಿಗೆ ಸಿಮೊನಿಸ್ ಎಂದು ಹೆಸರಾಯಿತು. ಅಷ್ಟು ಆಸೆಯಿಂದ ಉಳಿಸಿಕೊಂಡ ಮಗಳನ್ನು 1299ರಲ್ಲಿ, ಇನ್ನೂ ಐದು ವರ್ಷದ ಆಸುಪಾಸಿನಲ್ಲಿದ್ದಾಗ, ಸರ್ಬಿಯದ ಅರಸು ಮಿಲುಟಿನನಿಗೆ ಕೊಟ್ಟರು. ಅವನು ನಲವತ್ತು ದಾಟಿದವನು, ಹಿಂದೆ ಹಲವು ಮದುವೆಯಾದವನು. ಅವನು ಆಗಲೇ ಗೆದ್ದುಕೊಂಡಿದ್ದ ಮ್ಯಾಸಿಡೋನಿಯದ ಭೂಮಿಯನ್ನು ವರದಕ್ಷಿಣೆ ಎಂದು ಕರೆದು ಒಪ್ಪಂದ ಮುಗಿಸಿದರು. ಧರ್ಮಗುರು ಆಕ್ಷೇಪಿಸಿದ, ಯಾರೂ ಕೇಳಲಿಲ್ಲ. ಮಗು ದೊಡ್ಡದಾಗುವವರೆಗೆ ಅರಮನೆಯಲ್ಲಿ ಮಗಳಂತೆ ಬೆಳೆಯಲಿ ಎಂಬ ಮಾತಾಗಿತ್ತು. ರಾಜ ಕಾಯಲಿಲ್ಲ, ಅದರಿಂದ ಅವಳಿಗೆ ಮಕ್ಕಳಾಗಲಿಲ್ಲ ಎಂದು ಗ್ರೆಗೊರಾಸ್ ಎಂಬ ಗ್ರೀಕ್ ಇತಿಹಾಸಕಾರ ಬರೆದಿದ್ದಾನೆ.

1317ರಲ್ಲಿ ಅವಳ ತಾಯಿ ತೀರಿಕೊಂಡಳು. ಸಿಮೊನಿಸ್ ತವರಿಗೆ ಬಂದಳು, ತಿರುಗಿ ಹೋಗಲು ಮನಸ್ಸು ಮಾಡಲಿಲ್ಲ. ಮಿಲುಟಿನ್ ಸೈನ್ಯ ತರುವುದಾಗಿ ಹೆದರಿಸಿದ. ಒತ್ತಾಯಕ್ಕೆ ಹೊರಟವಳು ದಾರಿಯಲ್ಲಿ ರಾತ್ರಿ ಸನ್ಯಾಸಿನಿಯ ಬಟ್ಟೆ ಉಟ್ಟುಕೊಂಡಳು. ದೇವರಿಗೆ ಸೇರಿದವಳನ್ನು ಯಾರೂ ಮುಟ್ಟಲಾರರೆಂಬ ನಂಬಿಕೆ. ಅವಳ ಮಲಅಣ್ಣ ಆ ಬಟ್ಟೆಯನ್ನು ಹರಿದುಹಾಕಿ, ಬೇರೆ ಬಟ್ಟೆ ಉಡಿಸಿ, ಅಳುತ್ತಿದ್ದವಳನ್ನು ಸರ್ಬಿಯದವರ ಕೈಗೆ ಒಪ್ಪಿಸಿದ. 1321ರಲ್ಲಿ ಗಂಡ ಸತ್ತ ಮೇಲೆಯೇ ಅವಳು ಮರಳಿ ಬಂದು ಸನ್ಯಾಸಿನಿಯಾದದ್ದು. ಈ ಸಂಬಂಧದಿಂದಲೂ ಸಂಸ್ಕೃತಿ ಬೆಳೆಯಿತು: ಸರ್ಬಿಯದ ಅರಮನೆಗೆ ಗ್ರೀಕರ ರೀತಿರಿವಾಜು ಬಂತು, ಗ್ರೀಕ್ ಚಿತ್ರಕಾರರು ಬಂದು ಗುಡಿಗಳ ಗೋಡೆ ತುಂಬಿಸಿದರು. ಕೊಸೊವೊದ ಗ್ರಾಚಾನಿತ್ಸಾ ಮಠದ ಗೋಡೆಯ ಮೇಲೆ ಅವಳ ಚಿತ್ರವಿದೆ. ನನ್ನ ಮಗಳು ಮೊಬೈಲಿನಲ್ಲಿ ಹುಡುಕಿ ತೋರಿಸಿದಳು. ಕಿರೀಟ, ರತ್ನದ ಅಂಗಿ, ದೊಡ್ಡ ದೊಡ್ಡ ಓಲೆ, ಎಲ್ಲ ಇವೆ. ಕಣ್ಣುಗಳನ್ನು ಯಾರೋ ಎಂದೋ ಕೆರೆದುಹಾಕಿದ್ದಾರೆ.

ನನ್ನ ಎರಡನೆಯ ಬೆಂಚಿನ ಹುಡುಗಿಯ ಸಂಗತಿ ಇಷ್ಟೇ. ಅವಳ ಮನೆಯವರಿಗೂ ಪಕ್ಕದ ಊರಿನ ಇನ್ನೊಂದು ಮನೆತನಕ್ಕೂ ಹೊಲದ ಬದುವಿನ ಮೇಲೆ ಹತ್ತು ವರ್ಷದ ವ್ಯಾಜ್ಯವಿತ್ತು. ಹಿರಿಯರು ಕೂತು, ಈ ಮನೆಯ ಹುಡುಗಿಯನ್ನು ಆ ಮನೆಗೆ ಕೊಟ್ಟರೆ ಕೋರ್ಟು ಕಚೇರಿ ಅಲೆದಾಟ ತಪ್ಪುತ್ತದೆ ಎಂದು ತೀರ್ಮಾನಿಸಿದರು. ಅವಳಿಗೆ ಹದಿನಾರು. ಹುಡುಗಿಗೆ ಹದಿನೆಂಟು ತುಂಬಿರಬೇಕು ಎಂದು 1978ರಲ್ಲಿಯೇ ಕಾನೂನಾಗಿತ್ತು. ನಾನು ಪೌರನೀತಿಯ ಪಾಠದಲ್ಲಿ ಅದನ್ನೂ ಬೋರ್ಡಿನ ಮೇಲೆ ಬರೆದಿದ್ದೆ, ಕೆಳಗೆ ಎರಡು ಗೆರೆ ಎಳೆದಿದ್ದೆ. ಅವಳ ಅವ್ವ ಶಾಲೆಗೆ ಬಂದು ಮದುವೆ ಕಾರ್ಡು ಕೊಟ್ಟು, “ಎರಡೂ ಮನಿ ಕೂಡತಾವ್ರಿ ಅಕ್ಕೋರೆ, ಹುಡುಗಿ ಪುಣ್ಯಾ ಮಾಡ್ಯಾಳ” ಎಂದರು. ನಾನು ಒಂದು ಸ್ಟೀಲಿನ ಕೊಡ ಒಯ್ದು ಕೊಟ್ಟು, ಅಕ್ಷತೆ ಹಾಕಿ, ಹೋಳಿಗೆ ಉಂಡು ಬಂದೆ. ಅವಳು ತಲೆ ಎತ್ತಿ ನನ್ನನ್ನು ಒಂದು ಸಲ ನೋಡಿದಳು. ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ವ್ಯಾಜ್ಯ ಮುಗಿದದ್ದು ನಿಜ. ಆ ಬದುವಿನ ಮೇಲೆ ಈಗ ಎರಡೂ ಮನೆಯವರು ಕೂಡಿ ತೆಂಗಿನ ಗಿಡ ಹಚ್ಚಿದ್ದಾರೆ.

ಸಂಬಂಧದಿಂದ ಒಳ್ಳೆಯದಾಗುವುದಿಲ್ಲ ಎಂದು ನಾನು ಹೇಳಲಾರೆ. ಮರಿಯಾಳಿಂದ ಶಾಂತಿ ಬಂತು, ಅನ್ನಾಳಿಂದ ಒಂದು ದೊಡ್ಡ ನಾಡಿನ ಹಾದಿಯೇ ಬದಲಾಯಿತು. ಆದರೆ ಐದು ಅಂಕಗಳ ಉತ್ತರದಲ್ಲಿ ಲಾಭಗಳನ್ನು ಬರೆದು, ಅದರ ಬೆಲೆ ತೆತ್ತವರ ಹೆಸರು ಬಿಟ್ಟರೆ ಲೆಕ್ಕ ತಪ್ಪುತ್ತದೆ. ಆ ಲೆಕ್ಕವನ್ನು ನಾನು ವರ್ಷಗಟ್ಟಲೆ ತಪ್ಪಾಗಿಯೇ ಬರೆಸಿದೆ.

ಅಕ್ಷರವು ಮಾಡಿದ ಸಂಬಂಧ ಮಾತ್ರ ಬೇರೆ ತರದ್ದು. ವ್ಲಾದಿಮಿರನ ಮೊಮ್ಮಗಳು, ಅವಳ ಹೆಸರೂ ಅನ್ನಾ, ಫ್ರಾನ್ಸಿನ ರಾಜನಿಗೆ ಕೊಟ್ಟು ದೂರ ಹೋದವಳು. 1063ರ ಒಂದು ದಾಖಲೆಯ ಮೇಲೆ ಅವಳ ಸಹಿ ಇದೆ: ‘ಅನ್ನಾ, ರಾಣಿ’ ಎಂದು. ಗಂಡನ ನಾಡಿನ ಮಾತನ್ನು ಅವಳು ತವರಿನ ಸಿರಿಲಿಕ್ ಅಕ್ಷರದಲ್ಲಿ ಬರೆದಿದ್ದಾಳೆ. ರಷ್ಯದ ನೊವ್‌ಗೊರೊದ್ ಊರಿನಲ್ಲಿ 1951ರಿಂದ ನೆಲ ಅಗೆಯುವಾಗ ಬರ್ಚ್ ಮರದ ತೊಗಟೆಯ ಮೇಲೆ ಗೀಚಿದ ಓಲೆಗಳು ಸಿಗತೊಡಗಿ, ಈಗ ಸಾವಿರದ ನೂರಕ್ಕಿಂತ ಹೆಚ್ಚಾಗಿವೆ. ಹಲವು ಹೆಂಗಸರು ಬರೆದವು. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಒಬ್ಬಳು, ಮೂರು ಸಲ ಹೇಳಿ ಕಳಿಸಿದರೂ ಬರಲಿಲ್ಲ, ನನ್ನ ಮೇಲೆ ನಿನಗೇನು ಸಿಟ್ಟು ಎಂದು ಗಂಡಸೊಬ್ಬನನ್ನು ಕೇಳಿದ್ದಾಳೆ. ಓನ್‌ಫಿಮ್ ಎಂಬ ಹದಿಮೂರನೆಯ ಶತಮಾನದ ಹುಡುಗ ಅಕ್ಷರಮಾಲೆ ತಿದ್ದುತ್ತ, ಬೇಸರ ಬಂದು ಪಕ್ಕದಲ್ಲಿ ಕುದುರೆ ಸವಾರನ ಚಿತ್ರ ಬರೆದಿದ್ದಾನೆ. ಥೆಸಲೊನಿಕಿಯ ಇಬ್ಬರು ಮೇಷ್ಟರು ಹೊರಡಿಸಿದ ಕೆಲಸ ಇಷ್ಟು ದೂರ ಬಂದು ಮುಟ್ಟಿತ್ತು.

2006ರಲ್ಲಿ ಬಾಲ್ಯವಿವಾಹ ನಿಷೇಧದ ಹೊಸ ಕಾಯಿದೆ ಬಂದ ಮೇಲೆ ನಾನೂ ಬದಲಾದೆ ಎನ್ನಬೇಕು. ಯಾವುದಾದರೂ ಹುಡುಗಿ ಕಾರಣವಿಲ್ಲದೆ ಎರಡು ದಿನ ಬರದಿದ್ದರೆ ಮೂರನೆಯ ದಿನ ಅವಳ ಮನೆಯ ಕಟ್ಟೆಯ ಮೇಲೆ ಹೋಗಿ ಕೂಡುತ್ತೇನೆ. ಎರಡು ಮದುವೆ ಹೀಗೆ ನಿಂತವು. ಒಂದು ನಿಲ್ಲಲಿಲ್ಲ, ಬೇರೆ ಊರಿಗೆ ಒಯ್ದು ಮಾಡಿಬಿಟ್ಟರು.

ಆ ಹುಡುಗಿ ಹಲವು ವರ್ಷಗಳ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕ ಅವಳ ಚೀಲದಲ್ಲಿತ್ತು. ಬರೆಯುವವಳು ತಾನೇ ಎಂದಳು. ಮಗಳು ಪಿ.ಯು.ಸಿ. ಓದುತ್ತಿದ್ದಾಳೆ, ಓದಿಸುತ್ತೇನೆ ಎಂದಳು. ನನ್ನ ಕೈಯಲ್ಲಿ ಎರಡು ಪೇರಲ ಹಣ್ಣು ಇಟ್ಟಳು. ನಾನು ಆ ಊರಿನ ಬಗ್ಗೆ ಹೇಳಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಅವಳ ಬಸ್ಸು ಬಂತು. ಅಂದು ಹೇಳಬೇಕೆಂದಿದ್ದದ್ದು ಇದು.